ಮೆಟ್ಟಿಲ ಮೇಲಿನ ಡಾಕ್ಟರು

ಗಾಸ್ಪಾರ್ ವೆರ್ದಿಯೆಗೆ ಡಾಕ್ಟರಿಕೆ ಶನಿಯಂತೆ ಗಂಟುಬಿದ್ದಿತ್ತು. ಇಪ್ಪತ್ತು ವರ್ಷ ಲಿಯೋನ್ ನಗರದ ನಾಟಕಗಳಲ್ಲಿ ಈಟಿ ಹಿಡಿದು ನಿಂತ, ಹನ್ನೊಂದು ಸಿನಿಮಾಗಳಲ್ಲಿ ಗುಂಡೇಟು ತಿಂದು ಸತ್ತ. ನಾಯಿಯೂ ಗುರುತಿಸಲಿಲ್ಲ. ಆಮೇಲೆ ಟೀವಿ ಧಾರಾವಾಹಿಯಲ್ಲಿ ಒಂಬತ್ತು ವರ್ಷ ಡಾಕ್ಟರಾದ. ಧಾರಾವಾಹಿ ಮುಗಿದರೂ ಡಾಕ್ಟರು ಮುಗಿಯಲಿಲ್ಲ. ಬೇರೆ ಪಾತ್ರ ಕೊಡುವವರೇ ಇಲ್ಲ.

ಅಂಥವನಿಗೆ ಮೂರು ವರ್ಷದ ಮೇಲೆ ನಾಟಕವೊಂದರ ಮುಖ್ಯ ಪಾತ್ರದ ಆಯ್ಕೆಗೆ ಕರೆ ಬಂದಿತ್ತು, ಬೆಳಿಗ್ಗೆ ಹನ್ನೊಂದಕ್ಕೆ. ಯಾವ ಪಾತ್ರವೋ ಗೊತ್ತಿಲ್ಲ. ಮರವಾದರೂ ಸರಿ ಎಂದು ಮೆಟ್ಟಿಲಿಳಿದ.

ಎರಡನೇ ಮಹಡಿಯಲ್ಲಿ, ಕಟ್ಟಡ ನೋಡಿಕೊಳ್ಳುವ ಮದಾಮ್ ಬ್ರುಶೋನ್ ಎರಡೂ ಕೈ ಚಾಚಿ ಅಡ್ಡಗಟ್ಟಿದಳು. "ಡಾಕ್ಟ್ರೇ, ಎಲ್ಲಿಗೆ ಓಡ್ತೀರಿ? ಇಲ್ಲೊಬ್ರು ಕುಸಿದುಬಿದ್ದಿದ್ದಾರೆ!"

ಮೇಲಿನ ಮಹಡಿಯ ಅತ್ತೆಯನ್ನು ನೋಡಲು ಬಂದ ದಪ್ಪ ಮನುಷ್ಯನೊಬ್ಬ ಗೋಡೆಗೊರಗಿ ಬೆವರುತ್ತಿದ್ದ.

"ಮದಾಮ್, ನಾನು ನಟ. ಆಂಬುಲೆನ್ಸ್ ಕರೀರಿ."

"ಕರೆದಾಯ್ತು. ಎಂಥಾ ವಿನಯ ನೋಡಿ!" ಎಂದು ಪಕ್ಕದ ಮನೆಯ ತಾವೆರ್ನೋಲ್ ಗಾಸ್ಪಾರನ ಹೆಗಲು ಒತ್ತಿ ರೋಗಿಯ ಮುಂದೆ ಕೂರಿಸಿದ.

"ಸತ್ತೋಗ್ತೀನಾ ಡಾಕ್ಟ್ರೇ?" ಎಂದು ಆ ಮನುಷ್ಯ ಕೈ ಹಿಡಿದುಕೊಂಡ.

ಪಾಪ ಅನ್ನಿಸಿತು. ಒಂಬತ್ತು ವರ್ಷದ ಅಭ್ಯಾಸ; ದನಿ ತಾನಾಗಿ ಇಳಿಯಿತು, ಹುಬ್ಬು ತಾನಾಗಿ ಏರಿತು. ನಾಡಿ ಎಲ್ಲಿರುತ್ತದೋ ತಿಳಿಯದೆ ಮೊಣಕೈ ಹಿಡಿದು, "ಇವತ್ತಿನವರೆಗೆ ನನ್ನ ಕೈಯಲ್ಲಿ ಒಬ್ಬರೂ ಸತ್ತಿಲ್ಲ. ನಿಧಾನ ಉಸಿರಾಡಿ," ಎಂದ. ಅದು ಸುಳ್ಳೂ ಆಗಿರಲಿಲ್ಲ.

ರೋಗಿಯ ಮುಖಕ್ಕೆ ರಂಗು ಬಂತು. ಆಂಬುಲೆನ್ಸಿನವರು ಬಂದು ತಪಾಸಣೆ ಮಾಡಿ, ಬೆಳಗಿನ ತಿಂಡಿಗೇ ಮೊಳದುದ್ದ ಸಾಸೇಜ್ ನುಂಗಿದ್ದರ ಗ್ಯಾಸು ಎಂದು ಬೈದು ಹೋದರು. ಅಷ್ಟರಲ್ಲಿ ಗಂಟೆ ಹನ್ನೊಂದೂಕಾಲು.

ಗಾಸ್ಪಾರ್ ಮೆಟ್ಟಿಲ ಮೇಲೆ ಕುಸಿದ. "ಹೋಯ್ತು, ನನ್ನ ನಾಟಕ ಹೋಯ್ತು!"

"ಯಾವ ನಾಟಕ?" ಎಂದು ದಪ್ಪ ಮನುಷ್ಯ ಕೇಳಿ ತಿಳಿದುಕೊಂಡವನೇ ಎದ್ದು ನಿಂತ. "ಅದರ ನಿರ್ದೇಶಕ ನಾನೇ ಕಣ್ರೀ! ಅಲ್ಲಿ ಎಲ್ರೂ ನನಗೇ ಕಾಯ್ತಿದ್ದಾರೆ. ಅಂದ್ರೆ, ನೀವು ಡಾಕ್ಟರಲ್ವಾ? ನಾನು ಟೀವಿ ನೋಡೋನಲ್ಲ, ಪೂರ್ತಿ ನಂಬಿಬಿಟ್ಟೆ! ಎಂಥಾ ನಟ ರೀ ನೀವು!"

ಗಾಸ್ಪಾರನ ಕಣ್ಣು ತುಂಬಿತು. "ಹಾಗಾದ್ರೆ ಪಾತ್ರ..."

"ಅದೇ ಸಂಕಟ. ನಮ್ಮ ನಾಯಕ ನಕಲಿ ಡಾಕ್ಟರು. ಪರದೆ ಎದ್ದ ಕೂಡಲೇ ಇವನು ಕಳ್ಳ ಅಂತ ಜನಕ್ಕೆ ಗೊತ್ತಾಗಬೇಕು. ನಿಮ್ಮನ್ನ ಯಾರು ನಕಲಿ ಅಂತಾರೆ?"

ಬೆನ್ನು ತಟ್ಟಿ ಅವನು ಇಳಿದು ಹೋದ.

"ಅಂತೂ ಪುರುಸೊತ್ತಾಯ್ತಲ್ಲ ಡಾಕ್ಟ್ರೇ, ನನ್ನನ್ನೂ ಸ್ವಲ್ಪ ನೋಡಿ," ಎಂದು ಮದಾಮ್ ಬ್ರುಶೋನ್ ಪಕ್ಕದಲ್ಲಿ ಕೂತು ನಾಲಿಗೆ ಚಾಚಿದಳು.