ಕೊಚ್ಚಿಯಲ್ಲಿ ನಾನು ಆರಿಸಿದ ಕಾರು

ನಾನು ಹೇಳಿದ ನೆಪಗಳಲ್ಲಿ ಹೆಚ್ಚಿನವು ನನ್ನ ಹೆಂಡತಿ ಶಾಂತಾಳ ಮೊಣಕಾಲಿನ ಮೇಲೆ ನಿಂತಿವೆ. ಮದುವೆಗೆ ಹೋಗದಿದ್ದರೆ ಅವಳ ಮೊಣಕಾಲು, ಮನೆಗೆ ಯಾರೂ ಬರುವುದು ಬೇಡವಾದರೂ ಅವಳ ಮೊಣಕಾಲು. ನಿಜ ಹೇಳಬೇಕೆಂದರೆ ಅದು ನನ್ನದಕ್ಕಿಂತ ಗಟ್ಟಿ. ಎರಡು ವರ್ಷದಿಂದ ಕೈಕೊಡುತ್ತಿರುವುದು ಅವಳ ನೆನಪು. ಚಿತ್ತಾಪುರದ ನಮ್ಮ ಓಣಿಯಲ್ಲೇ ನಿಂತು ನಮ್ಮ ಮನೆ ಎಲ್ಲಿ ಎಂದು ಕೇಳಿದ್ದಳು. ಹೀಗೆ ಮರೆವು ಹೆಚ್ಚುತ್ತಿರುವುದು ಅವಳಿಗೂ ಗೊತ್ತು. "ಪೂರಾ ಮರೆಯೋದ್ರೊಳಗ ಒಮ್ಮೆ ಸಮುದ್ರ ತೋರಸ್ರಿ" ಎಂದಳು. ಹಾಗಾಗಿ ಮುಂಬೈಯಲ್ಲಿ ಪ್ರವಾಸದ ಹಡಗು ಹತ್ತಿದೆವು.

ಕೊಚ್ಚಿ ಮುಟ್ಟುವ ಮುನ್ನಾದಿನ ಒಂದು ಫಾರಂ ಕೊಟ್ಟರು. ಊರು ನೋಡಲು ಹಡಗಿನವರ ಬಸ್ಸಿನಲ್ಲಿ ಎಲ್ಲರ ಜೊತೆ ಹೋಗುತ್ತೀರೋ, ಬೇರೆ ಕಾರು ಮಾಡಿಕೊಳ್ಳುತ್ತೀರೋ? ಬಸ್ಸು ತಡವಾದರೆ ಹಡಗು ಕಾಯುತ್ತದೆ, ಕಾರು ತಡವಾದರೆ ಕಾಯುವುದಿಲ್ಲ ಎಂದು ಕೆಳಗೆ ಸಣ್ಣಕ್ಷರದಲ್ಲಿತ್ತು. ಪ್ರಶ್ನೆಪತ್ರಿಕೆ ಪೂರ್ತಿ ಓದಿ ಎಂದು ಜೀವನವಿಡೀ ಮಕ್ಕಳಿಗೆ ಹೇಳಿದ ಮಾಸ್ತರ ನಾನು, ಅದನ್ನೂ ಓದಿದೆ. ಊಟದ ಟೇಬಲ್ಲಿನಲ್ಲಿ ಪರಿಚಯವಾಗಿದ್ದ ಮಹಬೂಬಸಾಬರು, ವಾಡಿಯ ನಿವೃತ್ತ ರೈಲ್ವೆ ಗಾರ್ಡು, ಬಸ್ಸಿಗೇ ಬನ್ನಿ ಎಂದು ಒತ್ತಾಯಿಸಿ ಫೋನ್ ನಂಬರನ್ನೂ ಬರೆದುಕೊಂಡರು. ಶಾಂತಾಳಿಗೂ ಮಂದಿಯ ಜೊತೆ ಹೋಗುವ ಆಸೆ. ಆದರೆ ಅಷ್ಟು ಜನರ ಎದುರು ಅವಳು ಏನಾದರೂ ಅಂದುಬಿಟ್ಟರೆ? ಮೊಣಕಾಲಿನ ಹೆಸರು ಹೇಳಿ ಕಾರು ಆರಿಸಿದೆ.

ಸಮುದ್ರದಂಡೆಯ ಬೀದಿಯಲ್ಲಿ ಅವಳನ್ನು ಕಾರಿನಲ್ಲೇ ಕೂರಿಸಿ ಎಳನೀರು ತರಲು ಹೋದೆ. ಬರುವಷ್ಟರಲ್ಲಿ ಸೀಟು ಖಾಲಿ. ಡ್ರೈವರ್ ಆಚೆ ನಿಂತು ಫೋನಿನಲ್ಲಿದ್ದ, ನೋಡಿರಲಿಲ್ಲ. ಎರಡೂ ಎಳನೀರು ಹಿಡಿದುಕೊಂಡೇ ಬೀದಿ ಬೀದಿ ಓಡಾಡಿದೆ, ಕೆಳಗಿಡಬಹುದೆಂಬುದೂ ಹೊಳೆಯಲಿಲ್ಲ. ಪೊಲೀಸ್ ಠಾಣೆಯಲ್ಲಿ ಸೀರೆಯ ಬಣ್ಣ ಕೇಳಿದರು. ಬೆಳಿಗ್ಗೆ ಸೆರಗಿಗೆ ಪಿನ್ನು ಹಾಕಿದವನು ನಾನೇ, ಆದರೂ ನೆನಪಾಗಲಿಲ್ಲ. ಹಡಗು ಹೊರಡುವ ಹೊತ್ತು ಹತ್ತಿರವಾಗುತ್ತಿತ್ತು. ಅವಳ ತಮ್ಮನಿಗೆ ಏನು ಹೇಳಲಿ ಎಂಬ ಚಿಂತೆ ಬಂತು. ಅವಳು ಎಲ್ಲಿ ಅಳುತ್ತಿದ್ದಾಳೋ ಎಂಬುದು ಅದರ ಹಿಂದೆ ಬಂತು. ಆ ಕ್ರಮವನ್ನು ನಾನಿನ್ನೂ ಮರೆತಿಲ್ಲ.

ಆಗ ಫೋನು ಬಂತು. "ಭಾಭಿ ನಮ್ ಬಸ್ಸಿನಾಗ ಕುಂತಾರ್ರಿ, ಮಾಸ್ತರ್" ಎಂದರು ಮಹಬೂಬಸಾಬರು. "ನೀವೂ ಕೂಡೇ ಬಂದೀರಿ ಅಂತ ತಿಳ್ಕೊಂಡಿದ್ದೆ. ವಾಪಸ್ ಹೊರಡೋ ಮುಂದ ಎಣಿಸಿ ನೋಡ್ದೆ, ಒಬ್ರು ಹೆಚ್ಚಿಗಿ ಆದ್ರು." ಬಸ್ಸಿನವರು ಆ ಬೀದಿಯಲ್ಲಿ ನಡೆದು ಹೋಗುತ್ತಿದ್ದಾಗ, ಹಡಗಿನಲ್ಲಿ ಕಂಡ ಮುಖಗಳೆಂದು ಅವಳು ಕಾರಿನಿಂದಿಳಿದು ಅವರ ಹಿಂದೆ ನಡೆದಿದ್ದಳಂತೆ. ಊರೆಲ್ಲ ನೋಡಿ, ಊಟವನ್ನೂ ಮಾಡಿದ್ದಳಂತೆ.

ಬಂದರಿನ ಗೇಟಿನಲ್ಲಿ ಬಸ್ಸು ನನಗಾಗಿ ನಿಂತಿತ್ತು. ಹತ್ತಿದೆ. ಹೆಂಗಸರ ನಡುವೆ ಕುಳಿತಿದ್ದ ಶಾಂತಾ ನನ್ನನ್ನು ಬಹಳ ಹೊತ್ತು ನೋಡಿ, ಸರಿದು ಜಾಗ ಮಾಡಿದಳು. "ಕುಂದ್ರಿ. ಭಾಳ ದಣದೀರಿ. ನಿಮ್ಮ ಕೂಡ ಯಾರೂ ಬಂದಿಲ್ಲೇನ್ರಿ?"

ಇಡೀ ಬಸ್ಸು ಕೇಳಿಸಿಕೊಂಡಿತು. ಯಾರೂ ನಗಲಿಲ್ಲ. ಇಲ್ಲ ಎಂದು ಹೇಳಿ ಕುಳಿತೆ. ಮುಂದಿನ ಸೀಟಿನ ಹೆಂಗಸೊಬ್ಬರು, ದಿಕ್ಕಿಲ್ಲದ ಮುದುಕನಿಗೆ ಕೊಡುವ ಹಾಗೆ, ನನ್ನ ಕೈಗೊಂದು ಬಿಸ್ಕತ್ತು ಇಟ್ಟರು. ಅಳು ಬರುತ್ತದೆ ಅಂದುಕೊಂಡಿದ್ದೆ, ಬಂದದ್ದು ಹಸಿವು. ತಿಂದು, ಇನ್ನೊಂದು ಇದೆಯೇ ಎಂದು ಕೇಳಿದೆ.