ಹೂಮಣ್ಣನ ಮುಳ್ಳು

ಬೆಳಿಗ್ಗೆ ಹೂಮಣ್ಣ ಬ್ರೆಡ್ಡಿನ ವ್ಯಾನಿನ ಕೀ ತಿರುಗಿಸಿದ. ಹಳೆಯ ಡೀಸೆಲ್ ಎಂಜಿನ್ನು ಮೈ ಕೊಡವಿಕೊಂಡು ಎದ್ದಿತು. ಸೀಟು ನಡುಗಿತು, ಸ್ಟೇರಿಂಗು ನಡುಗಿತು, ಹೂಮಣ್ಣನ ಕೆನ್ನೆಯೂ ನಡುಗಿತು. ಎಂಜಿನ್ನಿನ ಸುತ್ತು ತೋರಿಸುವ ಆರ್‌ಪಿಎಂ ಮೀಟರಿನ ಮುಳ್ಳು ಮಾತ್ರ ಮುನಿಸಿಕೊಂಡ ಅಳಿಯನ ಹಾಗೆ ಸೊನ್ನೆಯ ಮೇಲೆ ಮಲಗಿಯೇ ಇತ್ತು.

ಬೇರೆ ಡ್ರೈವರಾದರೆ ಬಿಟ್ಟುಹಾಕುತ್ತಿದ್ದ. ಎಂಜಿನ್ ಸದ್ದು ಕೇಳಿ ಗೇರು ಹಾಕುವುದು ಲೋಕರೂಢಿ. ಹೂಮಣ್ಣನಿಗೆ ಆ ಸದ್ದೇ ಕೇಳುತ್ತಿರಲಿಲ್ಲ. ಕಿವಿ ವರ್ಷದಿಂದ ವರ್ಷಕ್ಕೆ ಮಂದವಾಗುತ್ತ ಬಂದು ಈಗ ಬಾಗಿಲು ಹಾಕಿದ ಅಂಗಡಿಯಾಗಿತ್ತು. ಹೆಂಡತಿ ಇದ್ದಾಗ ಪಕ್ಕದಲ್ಲಿ ಕೂತು, ಗೇರು ಬದಲಿಸುವ ಹೊತ್ತಿಗೆ ಮೊಣಕಾಲು ತಟ್ಟುತ್ತಿದ್ದಳು. ಅವಳು ಹೋದಮೇಲೆ ಆ ಕೆಲಸ ಮುಳ್ಳಿನ ಪಾಲಿಗೆ ಬಂತು. ದಿನವಿಡೀ ಅವನೊಡನೆ ಮಾತಾಡುತ್ತಿದ್ದದ್ದು ಅದೊಂದೇ.

ಈಗ ಈ ಗುಟ್ಟು ದೇವರಿಗೂ ಅವನಿಗೂ ಮಾತ್ರ ಗೊತ್ತು. ಎದುರಿಗಿದ್ದವರ ತುಟಿ ನೋಡಿ ಸಿಕ್ಕಷ್ಟು ತಿಳಿದುಕೊಂಡು, ಯಾರು ಏನು ಹೇಳಿದರೂ ನಗುತ್ತ 'ಹೂಂ' ಅಂದುಬಿಡುತ್ತಿದ್ದ. ಬೀದಿಯವರು ಅದನ್ನು ಒಳ್ಳೆಯತನವೆಂದುಕೊಂಡು ಹೂಮಣ್ಣ ಎಂದು ಹೆಸರಿಟ್ಟಿದ್ದರು.

ಹಿಂದಿನ ದಿನ ಬೇಕರಿಯ ಯಜಮಾನರು ಅವನ ಎದುರಿಗೇ ನಿಂತು ಒತ್ತಿ ಒತ್ತಿ ಹೇಳಿದ್ದರು: "ನಿಂಗೂ ವಯಸ್ಸಾಯ್ತು. ನಾಳೆ ಹೇಗೂ ನಿಂಗೆ ರಜೆ, ಸಾಯಂಕಾಲ ನಾನೇ ಪಕ್ಕ ಕೂತ್ಕೊಂಡು ನೋಡ್ತೀನಿ. ನೆಟ್ಟಗೆ ಓಡಿಸಿದ್ರೆ ಸರಿ. ಇಲ್ದಿದ್ರೆ ಕೀ ಕೊಟ್ಟು ಮನೇಲಿರು."

ಮನೆಯಲ್ಲಿ ಯಾರಿದ್ದಾರೆಂದು ಇರುವುದು?

ಬಾನೆಟ್ ಎತ್ತಿದ್ದೇ ತಡ, ಬೆಲ್ಲಕ್ಕೆ ಇರುವೆ ಮುತ್ತಿದಂತೆ ಜನ ಮುತ್ತಿದರು.

"ಮೀಟ್ರೇ ಸತ್ತಿರೋದು ಅಣ್ಣಾ. ಡ್ಯಾಶ್‌ಬೋರ್ಡ್ ಬಿಚ್ಲಾ?" ಅಂದ ರೇಡಿಯೋ ರಿಪೇರಿಯವ.

"ಹೂಂ."

"ತಲೆನೋವಿಗೆ ಕಾಲು ಕುಯ್ದ ಹಾಗಾಯ್ತು!" ಅಂದರು ಮಹಡಿ ಮನೆಯ ಮೇಷ್ಟ್ರು. "ಮೊದ್ಲು ಫ್ಯೂಸು ನೋಡ್ಬೇಕು. ಎಲ್ಲಾ ಕಿತ್ತು ಒರೆಸ್ಲೇನಪ್ಪಾ?"

"ಹೂಂ."

"ಇಲಿ ಕಣ್ರೀ, ಇಲಿ!" ಎದುರುಮನೆಯ ಅಕ್ಕ ಸೆರಗು ಸಿಕ್ಕಿಸಿಕೊಂಡೇ ಬಂದಳು. "ನಮ್ಮ ಫ್ರಿಜ್ಜಿಂದೂ ಹಿಂಗೇ ಆಗಿತ್ತು. ತಮ್ಮಾ, ಸೀಟೆಲ್ಲ ಈಚೆ ಹಾಕಿ ನೀರು ಹುಯ್ದುಬಿಡ್ಲಾ?"

ಹೂಮಣ್ಣ ಆಗ ಮೇಷ್ಟ್ರ ಕಡೆಗೆ ನೋಡುತ್ತಿದ್ದ. "ಹೂಂ," ಅಂದ.

ಬಕೆಟ್ಟು ಬಗ್ಗಿದ ಮೇಲೆಯೇ ಅವನಿಗೆ ಸಂಗತಿ ತಿಳಿದದ್ದು. ಮೇಷ್ಟ್ರು ಫ್ಯೂಸುಗಳನ್ನು ಬಣ್ಣದ ಪ್ರಕಾರ ಕಾಂಪೌಂಡಿನ ಮೇಲೆ ಚಂದವಾಗಿ ಜೋಡಿಸಿದ್ದರು. ಯಾವುದು ಎಲ್ಲಿಯದೆಂಬುದನ್ನು ಮರೆತಿದ್ದರು.

"ಒಂದು ಮುಳ್ಳಿಗೋಸ್ಕರ ಈ ಪಾಟಿ ಒದ್ದಾಟವಾ ಮೇಷ್ಟ್ರೇ? ಕಿವೀಲಿ ಕೇಳಿ ಗೇರ್ ಹಾಕಿದ್ರಾಯ್ತಪ್ಪ!" ಅಂದ ರೇಡಿಯೋದವ.

"ಒಂಟಿ ಜೀವ, ಪಾಪ. ಮಾಡೋಕೆ ಬೇರೇನಿದೆ?" ಅಂದರು ಮೇಷ್ಟ್ರು.

ಹೂಮಣ್ಣ ಅದಕ್ಕೂ ಹೂಂಗುಟ್ಟಿದ.

ಊಟದ ಹೊತ್ತಿಗೆ ಎಲ್ಲರೂ ಕರಗಿದರು. ಕಳ್ಳರು ಹೊಕ್ಕ ಮನೆಯಂತಿದ್ದ ವ್ಯಾನಿನ ಮುಂದೆ, ಬೀದಿಬದಿಯ ಒದ್ದೆ ಸೀಟಿನ ಮೇಲೆ ಹೂಮಣ್ಣ ಒಬ್ಬನೇ ಕೂತ. ಯಾರ ಮೇಲೂ ಅವನಿಗೆ ಸಿಟ್ಟು ಬರಲಿಲ್ಲ. ಹೆಂಡತಿಯನ್ನು ಮಣ್ಣು ಮಾಡಿದ ದಿನದಿಂದೀಚೆಗೆ ಅಷ್ಟು ಜನ ಅವನ ಪಕ್ಕದಲ್ಲಿ ನಿಂತದ್ದೇ ಇರಲಿಲ್ಲ.

"ನೀನೇ ದಾರಿ ತೋರಿಸಪ್ಪಾ," ಎಂದು ಮೇಲಿನವನಿಗೆ ಕೈಮುಗಿದು ಎದ್ದ. ಮೀಟರಿನ ಬೆನ್ನಿಂದ ಹೊರಟ ವೈರನ್ನು ಬೆರಳಲ್ಲಿ ಹಿಡಿದು, ಜಪಮಣಿ ಎಣಿಸುವವನಂತೆ ಸಾವಕಾಶವಾಗಿ ಸವರುತ್ತ ಹೋದ. ಅದು ಬ್ಯಾಟರಿ ಚಾರ್ಜು ಮಾಡುವ ಆಲ್ಟರ್ನೇಟರಿನ ಹಿಂಭಾಗ ಮುಟ್ಟುವಷ್ಟರಲ್ಲಿ ತುಂಡಾಗಿ ಜೋತಾಡುತ್ತಿತ್ತು. ತುದಿ ಕೆರೆದು ಬಿಗಿದ. ಬಿಚ್ಚಿದ್ದನ್ನೆಲ್ಲ ಅಂದಾಜಿನ ಮೇಲೆ ಜೋಡಿಸಿ ಕೀ ತಿರುಗಿಸಿದರೆ, ಮುಳ್ಳು ಎದ್ದು ನಿಂತಿತು!

"ಬಂದೆಯಾ?" ಅಂದ ಹೂಮಣ್ಣ. ಬಲಗಡೆಯ ಇಂಡಿಕೇಟರ್ ಹಾಕಿದರೆ ವೈಪರು ಆಡುತ್ತಿತ್ತು. ಹೋಗಲಿ, ಅದೇನು ಮಹಾ.

ಸಾಯಂಕಾಲ ಯಜಮಾನರು ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಮಾತಾಡಿದರು, ನಡುವೆ ಫೋನಿನಲ್ಲೂ ಮಾತಾಡಿದರು. ಹೂಮಣ್ಣ ಮುಳ್ಳಿನ ಮೇಲೆ ಕಣ್ಣಿಟ್ಟು ಹೂಂ, ಹೂಂ ಎನ್ನುತ್ತ ಓಡಿಸಿದ. ಗೇರುಗಳು ಬೆಣ್ಣೆಯಲ್ಲಿ ಕೂದಲೆಳೆದಂತೆ ಬಿದ್ದವು.

ಬೇಕರಿಯ ಮುಂದೆ ಇಳಿದು ಯಜಮಾನರು ಅವನ ಭುಜ ಹಿಡಿದು ತಿರುಗಿಸಿದರು. "ಏನಯ್ಯಾ ನಿನ್ ಕಿವಿ! ಎಂಜಿನ್ ಉಸಿರು ಬಿಡೋಕೆ ಮುಂಚೆ ಗೇರ್ ಬಿದ್ದಿರುತ್ತೆ. ಈ ಡಬ್ಬಾನ ಗುಜರಿಗೆ ಹಾಕಿ ಹೊಸ ಗಾಡಿ ನಿಂಗೇ ಕೊಡ್ಲಾ ಅಂದ್ರೆ ಹೂಂ ಅಂದೆ. ದಾರೀಲೇ ಗುಜರಿಯವನಿಗೆ ಫೋನ್ ಮಾಡ್ಬಿಟ್ಟೆ. ತಗೋ ಹೊಸ ಕೀ!"

ಪಕ್ಕದಲ್ಲಿ ಬೆಳ್ಳನೆಯ ಹೊಸ ವ್ಯಾನು ನಿಂತಿತ್ತು. ಹೂಮಣ್ಣ ಹತ್ತಿ ಕೂತು ಮುಳ್ಳು ಹುಡುಕಿದ.

ಯಜಮಾನರು ಕಿಟಕಿಯಲ್ಲಿ ಬಗ್ಗಿದರು. "ಆರ್‌ಪಿಎಂ ಮೀಟರ್ ಇಲ್ದಿರೋ ಮಾಡ್ಲು, ಅಗ್ಗಕ್ಕೆ ಸಿಕ್ತೂಂತ ಮೊನ್ನೆ ತಗೊಂಡೆ. ನಿನ್ನಂಥೋನಿಗೆ ಅದ್ಯಾಕೆ? ಎಲ್ಲಿ, ಸ್ಟಾರ್ಟ್ ಮಾಡು!"

ಹೂಮಣ್ಣ ಕೀ ತಿರುಗಿಸಿದ. ಹೊಸ ಎಂಜಿನ್ನು, ಪಾತ್ರೆಯಲ್ಲಿಟ್ಟ ನೀರೂ ಅಲುಗದಷ್ಟು ನಯ. ಹಿಡಿಯಲಿಲ್ಲವೇನೋ ಎಂದುಕೊಂಡು ಇನ್ನೊಮ್ಮೆ ತಿರುಗಿಸಿದ. ಓಡುತ್ತಿದ್ದ ಎಂಜಿನ್ನಿನ ಮೇಲೆ ಸ್ಟಾರ್ಟರು ಕರ್ರ್ ಎಂದು ಅರಚಿತು. ಯಜಮಾನರು, ಗಿರಾಕಿಗಳು, ಬೀದಿಯಲ್ಲಿ ಹೋಗುತ್ತಿದ್ದವರು, ಎಲ್ಲರೂ ಎರಡೂ ಕಿವಿ ಮುಚ್ಚಿಕೊಂಡು ಅವನನ್ನೇ ನೋಡಿದರು.

ಇಷ್ಟು ಜನ ಒಟ್ಟಿಗೆ ಏನು ಹೇಳುತ್ತಿರಬಹುದೆಂದು ತಿಳಿಯದೆ, ಹೂಮಣ್ಣ ನಗುತ್ತ ಮತ್ತೊಮ್ಮೆ ಕೀ ತಿರುಗಿಸಿದ.