ಮಡಿಲಿಗೆ ಬಿದ್ದ ಫಿನಾಯಿಲ್

ಆದಿವಾಲದ ಸಮುದಾಯ ಭವನದಲ್ಲಿ ನಡೆದ ‘ರಾಸಾಯನಿಕ ಮುಕ್ತ ಬಸಿರು’ ಅಭಿಯಾನದ ಉದ್ಘಾಟನೆಗೆ ಗರ್ಭಿಣಿಯರಿಗೆ ಪ್ರವೇಶವಿರಲಿಲ್ಲ. ಇದಕ್ಕೆ ಸಕಾರಣವಿತ್ತು. ಅತಿಥಿಗಳು ಬರುತ್ತಾರೆಂದು ಗೋಡೆಗೆ ಹೊಸ ಪೇಂಟು ಬಳಿದು, ನೆಲಕ್ಕೆ ಫಿನಾಯಿಲ್ ಸುರಿದು, ಮೂಲೆಮೂಲೆಗೂ ಸೊಳ್ಳೆ ಹೊಗೆ ಬಿಟ್ಟಿದ್ದರು. ಅಂಥ ಜಾಗಕ್ಕೆ ಗರ್ಭಿಣಿಯರು ಕಾಲಿಡಬಾರದೆಂಬುದೇ ಅಭಿಯಾನದ ಒಂದನೇ ನಿಯಮ. ಆದ್ದರಿಂದ ಪ್ರತಿ ಗರ್ಭಿಣಿಯೂ ಒಬ್ಬ ಪ್ರತಿನಿಧಿಯನ್ನು ಕಳುಹಿಸತಕ್ಕದ್ದೆಂದು ಮೈಕಿನಲ್ಲಿ ಸಾರಲಾಯಿತು.

ಏಳು ತಿಂಗಳ ಬಸುರಿ ಸುಮಾಳ ಪ್ರತಿನಿಧಿಯಾಗಿ ಅತ್ತೆ ಸಿದ್ದಕ್ಕ ಮುಂದಿನ ಸಾಲಿನಲ್ಲಿ ಕೂತಳು. ಸುಮಾ ಕಿಟಕಿಯಾಚೆ ಬೇವಿನ ಮರದಡಿ ನಿಂತಳು. ಅವಳಿಗೆ ಬೇಕಿದ್ದದ್ದು ಒಂದೇ: ದಿನಕ್ಕೆ ಮೂರು ಸಲ ಫಿನಾಯಿಲ್ ಹಾಕಿ ಮನೆ ಒರೆಸುವ ಅತ್ತೆಗೆ ಸರ್ಕಾರದವರು ಯಾರಾದರೂ ‘ಸಾಕು’ ಅನ್ನಬೇಕು. ತಾನೇ ಹೇಳಿದರೆ ಅದು ಸೊಸೆಯ ಸೋಮಾರಿತನವಾಗುತ್ತಿತ್ತು. ಆ ಘಾಟಿಗೆ, ಪಾಪ, ಅವಳ ಹೊಟ್ಟೆಯಲ್ಲಿ ಗಂಜಿಯೂ ನಿಲ್ಲುತ್ತಿರಲಿಲ್ಲ.

ಆರೋಗ್ಯ ಇಲಾಖೆಯ ಮೇಲ್ವಿಚಾರಕ ದಯಾನಂದ ಕರಪತ್ರ ಓದಿದರು. ಫಿನಾಯಿಲ್ ಕೂಡದು, ಸೊಳ್ಳೆಬತ್ತಿ ಕೂಡದು, ಘಾಟು ಸೆಂಟು ಕೂಡದು. ಸುಮಾಗೆ ಹೋದ ಜೀವ ಬಂದಂತಾಯಿತು. ಆಮೇಲೆ ಪ್ರತಿನಿಧಿಗಳಿಗೆ ಶಾಸ್ತ್ರೋಕ್ತವಾಗಿ ಮಡಿಲು ತುಂಬಿದರು: ಅಕ್ಕಿ, ಕೊಬ್ಬರಿ, ಬಳೆ, ಜೊತೆಗೆ ದಾನಿಗಳು ಕೊಟ್ಟ ಕಿಟ್. ಕಿಟ್ಟಿನಲ್ಲಿ ಎರಡು ದೊಡ್ಡ ಬಾಟಲಿ ಫಿನಾಯಿಲ್ ಇತ್ತು.

“ಸಾರ್, ಬ್ಯಾಡ ಅಂದಿದ್ದೇ ಕಿಟ್ಟಿನಾಗೈತಲ್ಲ!” ಸುಮಾ ಕಿಟಕಿಯಿಂದ ಕೂಗಿದಳು.

“ಯಾವುದು ಬ್ಯಾಡ ಅಂತ ಗುರುತು ಹಿಡಿಯಾಕೆ ಮಾದರಿ ಬೇಕಲ್ಲಮ್ಮ,” ಎಂದರು ದಯಾನಂದ.

“ಗುರುತು ಸಿಕ್ತಲ್ಲ, ವಾಪಸ್ ತಗಳ್ರಿ.”

“ಮಡ್ಲಿಗೆ ಬಿದ್ದಿದ್ದು ವಾಪಸ್ ಕೊಡ್ತಾರೇನೇ? ಬಸುರಿಗೆ ಒಳ್ಳೇದಲ್ಲ,” ಎಂದು ಸಿದ್ದಕ್ಕ ಸೆರಗು ಬಿಗಿಮಾಡಿಕೊಂಡಳು.

ದಯಾನಂದ ನಿಯಮಾವಳಿ ತಿರುವಿ, ಮಡಿಲು ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಖಚಿತಪಡಿಸಿದರು. ಆದರೆ ಎರಡನೇ ನಿಯಮದಂತೆ ಗರ್ಭಿಣಿಯೂ ಫಿನಾಯಿಲೂ ಒಂದೇ ಸೂರಿನಡಿ ಇರುವಂತಿಲ್ಲ. ಫಿನಾಯಿಲನ್ನು ಕದಲಿಸುವಂತಿಲ್ಲವಾದ್ದರಿಂದ ಸುಮಾಳನ್ನು ಮನೆಯ ಹಿತ್ತಲಲ್ಲಿ ಕುರಿ ಕೂಡುವ ರೊಪ್ಪಕ್ಕೆ ಸ್ಥಳಾಂತರಿಸಲಾಯಿತು.

ರೊಪ್ಪದಲ್ಲಿ ಕುರಿ ವಾಸನೆ ಬಿಟ್ಟರೆ ಬೇರೆ ವಾಸನೆ ಇರಲಿಲ್ಲ. ಅದು ಅವಳ ಮೂಗಿಗೆ ಹುಟ್ಟಿದಾಗಿನಿಂದ ಒಗ್ಗಿದ್ದು. ಸುಮಾ ಎರಡು ಮುದ್ದೆ ಉಂಡಳು. ಈ ಪ್ರಗತಿಯನ್ನು ದಾಖಲಿಸಿಕೊಂಡ ಇಲಾಖೆ, ಹದಿನೈದೇ ದಿನದಲ್ಲಿ ರೊಪ್ಪವನ್ನು ತಾಲ್ಲೂಕಿನ ‘ಮಾದರಿ ರಾಸಾಯನಿಕ ಮುಕ್ತ ನಿವಾಸ’ವೆಂದು ಘೋಷಿಸಿತು. ಹಿರಿಯೂರಿನಿಂದ ಅತಿಥಿಗಳು ಬರುವವರಿದ್ದರು. ದಯಾನಂದ ಪೇಂಟಿನ ಡಬ್ಬಿ ತಂದರು. ಮನೆತನದ ಮರ್ಯಾದೆಯ ಪ್ರಶ್ನೆಯೆಂದು ಸಿದ್ದಕ್ಕ ಇದ್ದಬದ್ದ ಫಿನಾಯಿಲನ್ನೆಲ್ಲ ರೊಪ್ಪಕ್ಕೆ ಸುರಿದಳು.

ಯಾರೂ ಹೇಳುವ ಮುಂಚೆಯೇ ಸುಮಾ ಚಾಪೆ ಸುತ್ತಿಕೊಂಡು ಮನೆಗೆ ಬಂದಳು. ಬಾಟಲಿಗಳು ಖಾಲಿಯಾಗಿದ್ದವು. ಅವಳು ಒಂದು ಸಲ ನೆಮ್ಮದಿಯಾಗಿ ಉಸಿರೆಳೆದುಕೊಳ್ಳುವಷ್ಟರಲ್ಲಿ ಸಿದ್ದಕ್ಕ ಮೂರು ಕುರಿಗಳನ್ನು ಒಳಗೆ ನೂಕಿದಳು.

“ಇವ್ಯಾಕತ್ತೆ?”

“ರೊಪ್ಪಕ್ಕೆ ಬೋರ್ಡ್ ಹಾಕ್ಯಾರೆ ಕಣೇ. ಗಬ್ಬದ ಕುರಿಗಳಿಗೆ ಪ್ರವೇಶ ಇಲ್ವಂತೆ. ಅತ್ಲಾಗೆ ಸರ್ಕೋ. ಇವು ಒಳಗಿರೋ ತಂಕ ಮನೇಗೂ ಫಿನಾಯಿಲ್ ಬ್ಯಾಡ. ಬಸುರಿ ಜೀವಗಳು, ತಡಕಳಾಕಿಲ್ಲ.”

ಸುಮಾ ಸರಿದು, ಚಾಪೆಯ ಮೇಲೆ ಕುರಿಗಳಿಗೆ ಜಾಗ ಮಾಡಿಕೊಟ್ಟಳು.